ಕಾರ್ಡಿಗಿಂತ ಮೊದಲು ಹೆಸರು: ಅಮೆರಿಕ ಸೇನೆಯವರನ್ನು ಮದುವೆಯಾದವರಿಗೆ ಮಿಲಿಟರಿ ಐಡಿ ಸಿಗುವ ಬಗೆ

ಮದುವೆಯಾಗಿ ಬಂದ ಸೊಸೆಯ ಹೆಸರನ್ನು ರೇಷನ್ ಕಾರ್ಡಿಗೆ ಸೇರಿಸುವುದು ನಮ್ಮ ಕಡೆ ಎಂಥ ಕೆಲಸ ಅಂತ ಗೊತ್ತಲ್ವಾ? ತವರಿನ ಕಾರ್ಡಿನಿಂದ ಹೆಸರು ತೆಗೆಸಬೇಕು. ಆಧಾರ್‌ನಲ್ಲಿ ವಿಳಾಸ ಬದಲಾಗಬೇಕು. ಸರ್ವರ್ ಕೆಲಸ ಮಾಡುವ ದಿನ ನೋಡಿಕೊಂಡು ಹೋಗಬೇಕು. ಅಮೆರಿಕದ ಸೇನೆಯಲ್ಲಿರುವ ಕನ್ನಡದ ಹುಡುಗನನ್ನು ಮದುವೆಯಾಗಿ ಹೋದ ನನಗೆ ಅಲ್ಲಿನ ಮೊದಲ ತಿಂಗಳಲ್ಲಿ ಮತ್ತೆ ಮತ್ತೆ ನೆನಪಾಗಿದ್ದು ಈ ರೇಷನ್ ಕಾರ್ಡೇ.

ಅಲ್ಲಿ ಪರಿಚಯವಾದ ಹೆಂಗಸರೆಲ್ಲ ಒಂದೇ ಮಾತು ಕೇಳುತ್ತಿದ್ದರು: ಐಡಿ ಕಾರ್ಡ್ ಆಯ್ತಾ? ಆಸ್ಪತ್ರೆಗೆ ಅದು ಬೇಕು, ಬೇಸ್, ಅಂದರೆ ಸೇನಾನೆಲೆಯ ಒಳಗಿನ ಅಂಗಡಿಗೆ ಅದು ಬೇಕು, ಗೇಟು ದಾಟಲೂ ಅದೇ ಬೇಕು. ಹಾಗಾಗಿ ನಾನು ಕಾರ್ಡಿನ ಹಿಂದೆಯೇ ಬಿದ್ದೆ. ತಪ್ಪಾಗಿದ್ದು ಅಲ್ಲೇ. ಕಾರ್ಡ್ ಪ್ರಿಂಟ್ ಮಾಡಿ ಕೈಗೆ ಕೊಡುವುದು ಕೆಲವೇ ನಿಮಿಷದ ಕೆಲಸ. ಅದಕ್ಕೂ ಮುಂಚೆ ಒಂದು ಪಟ್ಟಿಗೆ ಹೆಸರು ಸೇರಬೇಕು. ಆ ಪಟ್ಟಿಗೆ ಎಲ್ಲರೂ ಹೇಳುವ ಹೆಸರು ಡೀರ್ಸ್.

ಡೀರ್ಸ್ ಅಂದರೆ ಅಮೆರಿಕದ ರಕ್ಷಣಾ ಇಲಾಖೆಯ ಒಂದು ದೊಡ್ಡ ಕಂಪ್ಯೂಟರ್ ದಾಖಲೆ. ಭೂಸೇನೆ, ನೌಕಾಪಡೆ, ವಾಯುಪಡೆ, ಮರೀನ್ಸ್, ಸ್ಪೇಸ್ ಫೋರ್ಸ್, ಕೋಸ್ಟ್ ಗಾರ್ಡ್, ಎಲ್ಲಕ್ಕೂ ಇದೊಂದೇ. ಯಾರು ಸೇವೆಯಲ್ಲಿದ್ದಾರೆ, ಯಾರು ನಿವೃತ್ತರು, ಅವರ ಹೆಂಡತಿ ಅಥವಾ ಗಂಡ ಯಾರು, ಮಕ್ಕಳೆಷ್ಟು ಎಂಬುದೆಲ್ಲ ಅಲ್ಲಿರುತ್ತದೆ. ಆಸ್ಪತ್ರೆಯ ಕೌಂಟರ್‌ನಲ್ಲಿ ನಿಮ್ಮ ಕಾರ್ಡ್ ನೋಡಿದವರು ಅದನ್ನಷ್ಟೇ ನಂಬುವುದಿಲ್ಲ. ಡೀರ್ಸ್‌ನಲ್ಲಿ ನಿಮ್ಮ ಹೆಸರಿದೆಯೇ ಎಂದು ನೋಡುತ್ತಾರೆ. ಅಲ್ಲಿ ಹೆಸರಿಲ್ಲದಿದ್ದರೆ ಕಾರ್ಡ್ ಸುಮ್ನೆ ಪ್ಲಾಸ್ಟಿಕ್ ತುಂಡು. ಅಲ್ಲಿ ಹೆಸರಿದ್ದು ಕಾರ್ಡ್ ಕಳೆದುಹೋದರೆ ಇನ್ನೊಂದು ಮಾಡಿಸಿಕೊಳ್ಳಬಹುದು.

ಇಲ್ಲಿ ಎರಡು ಪದಗಳು ಕಿವಿಗೆ ಬೀಳುತ್ತಲೇ ಇರುತ್ತವೆ. ಒಂದು ಸ್ಪಾನ್ಸರ್, ಇನ್ನೊಂದು ಡಿಪೆಂಡೆಂಟ್. ಸ್ಪಾನ್ಸರ್ ಅಂದರೆ ಸೇವೆಯಲ್ಲಿರುವ ವ್ಯಕ್ತಿ. ಡಿಪೆಂಡೆಂಟ್ ಅಂದರೆ ಅವರ ಮೂಲಕ ಸೌಲಭ್ಯ ಪಡೆಯುವ ಮನೆಯವರು. ಹೆಂಡತಿ ಗಂಡನಿಗಿಂತ ಜಾಸ್ತಿ ಸಂಬಳ ತರುವ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದರೂ ಕಾಗದದಲ್ಲಿ ಡಿಪೆಂಡೆಂಟೇ. ಹೆಂಡತಿ ಸೈನಿಕಳಾಗಿದ್ದರೆ ಗಂಡ ಡಿಪೆಂಡೆಂಟ್. ಆ ಪದ ಕೇಳಿ ಮೊದಲು ನನಗೂ ಸ್ವಲ್ಪ ಚುಚ್ಚಿತು. ಆಮೇಲೆ ಅಭ್ಯಾಸವಾಯಿತು. ಅದು ಫಾರ್ಮಿನ ಭಾಷೆ ಅಷ್ಟೇ.

ಸ್ಪಾನ್ಸರ್ ಹೆಸರು ಸೇನೆಗೆ ಸೇರಿದಾಗಲೇ ಡೀರ್ಸ್‌ಗೆ ತಾನಾಗಿಯೇ ಹೋಗಿರುತ್ತದೆ. ಹೆಂಡತಿಯ ಹೆಸರು ತಾನಾಗಿ ಹೋಗುವುದಿಲ್ಲ. ಮದುವೆ ಆಗಿದೆ ಎಂದು ಮೇಲಧಿಕಾರಿಗೆ ಗೊತ್ತಿದ್ದರೂ, ಇಡೀ ಯೂನಿಟ್ಟು ಬಂದು ಊಟ ಮಾಡಿ ಹೋಗಿದ್ದರೂ ಹೋಗುವುದಿಲ್ಲ. ಸ್ಪಾನ್ಸರ್ ತಾನೇ ಸೇರಿಸಬೇಕು. ಹೆಂಡತಿ ಒಬ್ಬಳೇ ಹೋಗಿ "ನಾನು ಇಂಥವರ ಹೆಂಡತಿ, ಬರೆದುಕೊಳ್ಳಿ" ಅಂದರೆ ಆಗುವುದಿಲ್ಲ. ಇದಕ್ಕಿರುವ ಫಾರ್ಮಿನ ಹೆಸರು ಡಿಡಿ 1172-2. ಅದಕ್ಕೆ ಸ್ಪಾನ್ಸರ್ ಸಹಿ ಬೇಕೇ ಬೇಕು.

ಫಾರ್ಮ್ ತೆಗೆದುಕೊಂಡು ಹೋಗಬೇಕಾದ ಕಚೇರಿಗೆ ರ್‍ಯಾಪಿಡ್ಸ್ ಆಫೀಸು ಅನ್ನುತ್ತಾರೆ. ಐಡಿ ಕಾರ್ಡ್ ಆಫೀಸು ಅಂದರೂ ಎಲ್ಲರಿಗೂ ಅರ್ಥವಾಗುತ್ತದೆ. ಇದರಲ್ಲಿ ಒಂದು ಒಳ್ಳೆಯ ವಿಷಯವಿದೆ. ನಿಮ್ಮ ಗಂಡ ಯಾವ ಪಡೆಯಲ್ಲಿದ್ದರೂ ಯಾವ ಪಡೆಯ ಕಚೇರಿಗಾದರೂ ಹೋಗಬಹುದು. ಭೂಸೇನೆಯವರ ಹೆಂಡತಿ ನೌಕಾನೆಲೆಯಲ್ಲಿ ಕಾರ್ಡ್ ಮಾಡಿಸಿಕೊಳ್ಳಬಹುದು. ಸಿಯಾಟಲ್ ಸುತ್ತಮುತ್ತ ಇರುವವರು ಜಾಯಿಂಟ್ ಬೇಸ್ ಲೂಯಿಸ್-ಮೆಕಾರ್ಡ್‌ಗೆ ಹೋಗಬಹುದು, ಸ್ಯಾನ್ ಡಿಯಾಗೋದವರು ಅಲ್ಲಿನ ನೌಕಾನೆಲೆಗೆ ಹೋಗಬಹುದು. ದೊಡ್ಡ ಬೇಸ್ ದೂರವಾದರೆ ರಾಜ್ಯಗಳ ಅರೆಕಾಲಿಕ ಪಡೆಯಾದ ನ್ಯಾಷನಲ್ ಗಾರ್ಡ್‌ನ ಸಣ್ಣ ಕಚೇರಿಗಳಲ್ಲೂ ಇದು ನಡೆಯುತ್ತದೆ. ಅಪಾಯಿಂಟ್‌ಮೆಂಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ದೊಡ್ಡ ಬೇಸ್‌ಗಳಲ್ಲಿ ವಾರಗಟ್ಟಲೆ ಕಾಯಬೇಕಾಗುವುದೂ ಉಂಟು. ಆಗ ಸಣ್ಣ ಕಚೇರಿಯೇ ವಾಸಿ.

ಆದರೆ ಆ ಕಚೇರಿ ಬೇಸ್ ಒಳಗಿದ್ದರೆ ಒಂದು ಪೇಚು. ಕಾರ್ಡ್ ಇಲ್ಲದೆ ಒಳಗೆ ಬಿಡುವುದಿಲ್ಲ, ಒಳಗೆ ಹೋಗದೆ ಕಾರ್ಡ್ ಸಿಗುವುದಿಲ್ಲ. ಇದಕ್ಕೆ ಗೇಟಿನ ಪಕ್ಕದಲ್ಲಿ ವಿಸಿಟರ್ ಸೆಂಟರ್ ಇರುತ್ತದೆ. ಗಂಡ ಜೊತೆಗಿದ್ದು, ನಿಮ್ಮ ಪಾಸ್‌ಪೋರ್ಟ್ ತೋರಿಸಿ, ಹಿನ್ನೆಲೆ ತಪಾಸಣೆ ಮುಗಿದ ಮೇಲೆ ಪಾಸ್ ಕೊಡುತ್ತಾರೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಕೆಲವು ಕಡೆ ಇನ್ನೂ ಒಂದು ಸುತ್ತು ಜಾಸ್ತಿ. ಹಾಗಾಗಿ ಅಪಾಯಿಂಟ್‌ಮೆಂಟ್ ಹತ್ತು ಗಂಟೆಗೆ ಇದ್ದರೆ ಹತ್ತು ಗಂಟೆಗೆ ಗೇಟಿನ ಮುಂದೆ ನಿಂತಿದ್ದರೆ ಸಾಲದು.

ಕಾಗದಗಳು, ಮತ್ತು ನಮ್ಮ ಹೆಸರುಗಳ ಗೋಳು

ಕೇಳುವ ಕಾಗದಗಳ ಪಟ್ಟಿ ನೋಡಲು ಚಿಕ್ಕದು. ಮದುವೆ ಪ್ರಮಾಣಪತ್ರ, ಜನನ ಪ್ರಮಾಣಪತ್ರ, ಸೋಷಿಯಲ್ ಸೆಕ್ಯುರಿಟಿ ಕಾರ್ಡ್ (ಅಲ್ಲಿನ ಸರ್ಕಾರ ಒಬ್ಬೊಬ್ಬರಿಗೆ ಕೊಡುವ ನಂಬರಿನ ಕಾರ್ಡು, ನಮ್ಮ ಆಧಾರ್ ಹಾಗೆ), ಜೊತೆಗೆ ಗುರುತಿಗೆ ಎರಡು ದಾಖಲೆ. ಆ ಎರಡರಲ್ಲಿ ಒಂದಾದರೂ ಸರ್ಕಾರ ಕೊಟ್ಟ, ಫೋಟೋ ಇರುವ, ಅವಧಿ ಮುಗಿಯದ ದಾಖಲೆ ಆಗಿರಬೇಕು. ಇಬ್ಬರಲ್ಲಿ ಯಾರಿಗಾದರೂ ಇದು ಎರಡನೇ ಮದುವೆಯಾಗಿದ್ದರೆ ಹಳೆಯ ವಿಚ್ಛೇದನದ ಆದೇಶ ಅಥವಾ ಮರಣ ಪತ್ರವನ್ನೂ ಇಟ್ಟುಕೊಂಡು ಹೋಗಿ.

ಎಲ್ಲವೂ ಮೂಲ ಪ್ರತಿಯೇ ಬೇಕು. ಇಲ್ಲದಿದ್ದರೆ ಕೊಟ್ಟ ಕಚೇರಿಯೇ ಮೊಹರು ಹಾಕಿದ ದೃಢೀಕೃತ ಪ್ರತಿ ಬೇಕು. ಗೆಜೆಟೆಡ್ ಆಫೀಸರ್ ಹತ್ತಿರ ಹೋಗಿ ಹಸಿರು ಇಂಕಿನಲ್ಲಿ ಸಹಿ ಮಾಡಿಸಿದ ಜೆರಾಕ್ಸ್ ಅಲ್ಲಿ ನಡೆಯುವುದಿಲ್ಲ. ಸಣ್ಣ ವಿಷಯ ಅನ್ನಿಸಬಹುದು. ಆದರೆ ಮೂಲ ಪ್ರತಿಯನ್ನು ಊರಲ್ಲಿ ಅಪ್ಪನ ಬೀರುವಿನಲ್ಲಿ ಬಿಟ್ಟು, ಲ್ಯಾಮಿನೇಷನ್ ಮಾಡಿಸಿದ ಜೆರಾಕ್ಸ್ ತಂದವರನ್ನು ನಾನು ನೋಡಿದ್ದೇನೆ.

ಮದುವೆ ಊರಲ್ಲಿ ಆಗಿದ್ದರೆ ಉಪನೋಂದಣಾಧಿಕಾರಿ ಕಚೇರಿ ಕೊಟ್ಟ ಪ್ರಮಾಣಪತ್ರ ಬೇಕು. ದೇವಸ್ಥಾನದ ರಸೀದಿ, ಛತ್ರದ ಚೀಟಿ, ಲಗ್ನಪತ್ರಿಕೆ, ಆಲ್ಬಮ್ಮು ಇವು ಯಾವುದೂ ಲೆಕ್ಕಕ್ಕಿಲ್ಲ. ಪ್ರಮಾಣಪತ್ರ ಸಿಕ್ಕ ತಕ್ಷಣ ಮದುವೆಯಾದ ದಿನ ಯಾವುದು, ನೋಂದಣಿಯಾದ ದಿನ ಯಾವುದು ಎಂದು ನೋಡಿಕೊಳ್ಳಿ. ನಮ್ಮಲ್ಲಿ ತುಂಬ ಜನ ಮುಹೂರ್ತ ಮುಗಿದು ತಿಂಗಳುಗಳ ಮೇಲೆ, ವೀಸಾಕ್ಕೆ ಬೇಕು ಅಂದಾಗ ನೋಂದಣಿ ಮಾಡಿಸುತ್ತಾರೆ. ಡೀರ್ಸ್‌ಗೆ ಬೇಕಾಗಿರುವುದು ಮದುವೆಯಾದ ದಿನ. ಕೌಂಟರ್‌ನಲ್ಲಿ ಕೂತವರು ಇನ್ನೊಂದನ್ನು ಬರೆದುಕೊಂಡರೆ ಆಮೇಲೆ ವಿಮೆಯಲ್ಲೂ ಭತ್ಯೆಯಲ್ಲೂ ತೊಡಕಾಗುತ್ತದೆ.

ಇನ್ನು ತಾರೀಖು ಬರೆಯುವ ರೀತಿ. 05/06 ಅಂದರೆ ನಮಗೆ ಜೂನ್ ಐದು. ಅವರಿಗೆ ಮೇ ಆರು. ಹತ್ತೊಂಬತ್ತೋ ಇಪ್ಪತ್ತೋ ಆಗಿದ್ದರೆ ಗೊಂದಲವಿಲ್ಲ, ಯಾಕೆಂದರೆ ಇಪ್ಪತ್ತನೇ ತಿಂಗಳು ಇಲ್ಲ. ಹನ್ನೆರಡರ ಒಳಗಿನ ದಿನಗಳಲ್ಲಿ ಮದುವೆಯಾದವರು, ಹುಟ್ಟಿದವರು ಎಚ್ಚರವಾಗಿರಬೇಕು. ಅನುವಾದದಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಸಿಬಿಡಿ.

ಅನುವಾದ ಅಂದೆನಲ್ಲ, ಮೊದಲ ಸಲ ನಾವು ವಾಪಸ್ ಬಂದಿದ್ದು ಅದಕ್ಕೇ. ನನ್ನ ಜನನ ಪ್ರಮಾಣಪತ್ರ ಪೂರ್ತಿ ಕನ್ನಡದಲ್ಲಿತ್ತು. "ಇದರಲ್ಲಿ ನನ್ನ ಹೆಸರು ಇಲ್ಲಿದೆ ನೋಡಿ" ಎಂದು ಬೆರಳು ಇಟ್ಟು ತೋರಿಸಿದೆ. ಕೌಂಟರ್‌ನ ಹೆಂಗಸು ನಕ್ಕಳು, ಆದರೆ ಕಾಗದ ವಾಪಸ್ ಕೊಟ್ಟಳು. ಅವಳದೇನೂ ತಪ್ಪಿಲ್ಲ. ಇಂಗ್ಲಿಷ್ ಅಲ್ಲದ ಕಾಗದದ ಜೊತೆ ಅದರ ಇಂಗ್ಲಿಷ್ ಅನುವಾದ ಇರಬೇಕು. ಅನುವಾದ ಮಾಡಿದವರು "ನನಗೆ ಎರಡೂ ಭಾಷೆ ಬರುತ್ತದೆ, ಇದು ಸರಿಯಾದ ಅನುವಾದ" ಎಂದು ಬರೆದು, ಹೆಸರು ವಿಳಾಸ ಹಾಕಿ ಸಹಿ ಮಾಡಿರಬೇಕು. ಗಂಡ ಹೆಂಡತಿ ತಾವೇ ಮಾಡದೆ ಬೇರೆಯವರಿಂದ ಮಾಡಿಸುವುದು ಕ್ಷೇಮ.

ಅದರಲ್ಲೂ ನಮ್ಮ ಕಾಗದ ಓದಲು ಬರುವವರಿಂದಲೇ ಮಾಡಿಸಿ. ನಮ್ಮ ಹಳೆಯ ದಾಖಲೆಗಳಲ್ಲಿ "ಶಿವಣ್ಣ ಬಿನ್ ರಂಗಪ್ಪ", "ಗೌರಮ್ಮ ಕೋಂ ಶಿವಣ್ಣ" ಎಂದು ಇರುತ್ತದಲ್ಲ. ಬಿನ್ ಅಂದರೆ ಇಂಥವರ ಮಗ, ಕೋಂ ಅಂದರೆ ಇಂಥವರ ಹೆಂಡತಿ. ಇದು ಗೊತ್ತಿಲ್ಲದವರು ಅದನ್ನು ಹೆಸರಿನ ಭಾಗ ಅಂದುಕೊಂಡು ಬರೆದರೆ ಅಮೆರಿಕದ ದಾಖಲೆಯಲ್ಲಿ ನಿಮಗೆ ಕೋಂ ಎಂಬ ಮಧ್ಯದ ಹೆಸರು ಹುಟ್ಟಿಕೊಳ್ಳುತ್ತದೆ. ಅದನ್ನು ತೆಗೆಸುವುದು ಸೇರಿಸಿದಷ್ಟು ಸುಲಭ ಅಲ್ಲ.

ನಿಜವಾದ ಗೋಳು ಹೆಸರಿನದೇ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮನೆತನದ ಹೆಸರು ಅಂತ ಇಲ್ಲವೇ ಇಲ್ಲ. ಊರಿನ ಮೊದಲ ಅಕ್ಷರ, ಅಪ್ಪನ ಮೊದಲ ಅಕ್ಷರ, ಆಮೇಲೆ ನಮ್ಮ ಹೆಸರು. ಶಾಲೆಯ ಅಂಕಪಟ್ಟಿಯಲ್ಲಿ ಅಕ್ಷರ ಹಿಂದೆ, ಆಧಾರ್‌ನಲ್ಲಿ ಮುಂದೆ, ಪಾಸ್‌ಪೋರ್ಟ್‌ನಲ್ಲಿ ಅಕ್ಷರವನ್ನು ಬಿಡಿಸಿ ಅಪ್ಪನ ಪೂರ್ತಿ ಹೆಸರು. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗವೇ ಖಾಲಿ, ಯಾಕೆಂದರೆ ನಾಮಕರಣಕ್ಕೆ ಮುಂಚೆಯೇ ಆಸ್ಪತ್ರೆಯವರು ಬರೆಸಿ ಮುಗಿಸಿರುತ್ತಾರೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಬಿಟ್ಟವರದು ಇನ್ನೊಂದು ಕಥೆ. ಅಂಥವರ ವೀಸಾದಲ್ಲಿ ಇರುವ ಒಂದೇ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು ಎಂದು ಬೀಳುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂಬುದಕ್ಕೆ ಅದು ಗುರುತು. ಆದರೆ ಕಂಪ್ಯೂಟರಿಗೆ ಅದೂ ಒಂದು ಹೆಸರೇ. ಆಸ್ಪತ್ರೆಯಲ್ಲಿ "ಫ್ನೂ, ಫ್ನೂ" ಎಂದು ಕೂಗುತ್ತಿದ್ದರೆ ಅದು ನಮ್ಮವರೇ ಯಾರೋ ಅಂತ ತಿಳಿಯಬೇಕು.

ಹಾಗಾದರೆ ಏನು ಮಾಡಬೇಕು? ಡೀರ್ಸ್‌ನಲ್ಲಿರುವ ಹೆಸರು ಸೋಷಿಯಲ್ ಸೆಕ್ಯುರಿಟಿ ಕಾರ್ಡಿನ ಹೆಸರಿಗೆ ಹೊಂದಬೇಕು. ಇದೊಂದನ್ನು ಗಟ್ಟಿ ಹಿಡಿದುಕೊಂಡರೆ ಅರ್ಧ ಗೋಜಲು ಬಿಡಿಸಿದ ಹಾಗೆ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಳ್ಳುವ ಆಸೆ ಇದ್ದರೆ ಮೊದಲು ಸೋಷಿಯಲ್ ಸೆಕ್ಯುರಿಟಿ ಕಚೇರಿಯಲ್ಲಿ ಬದಲಾಯಿಸಿ, ಆಮೇಲೆ ಐಡಿ ಆಫೀಸಿಗೆ ಬನ್ನಿ. ಉಲ್ಟಾ ಮಾಡಿದರೆ ಎರಡು ಕಡೆ ಎರಡು ಹೆಸರು. ಹೆಸರು ಬದಲಾಯಿಸಲೇಬೇಕು ಎಂಬ ನಿಯಮವೇನೂ ಇಲ್ಲ. ನಾನು ಬದಲಾಯಿಸಲಿಲ್ಲ. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇದ್ದರೆ ಊರಿನಲ್ಲೇ ನೋಂದಣಿ ಕಚೇರಿಯಲ್ಲಿ ಹೆಸರು ಸೇರಿಸಿ ಹೊಸ ಪ್ರತಿ ತೆಗೆದುಕೊಳ್ಳಿ. ವಿಮಾನ ಹತ್ತುವ ಮುಂಚೆ ಈ ಒಂದು ಕೆಲಸಕ್ಕೆ ಎರಡು ದಿನ ಇಟ್ಟರೆ ಮುಂದೆ ಎರಡು ತಿಂಗಳು ಉಳಿಯುತ್ತದೆ.

ಸೋಷಿಯಲ್ ಸೆಕ್ಯುರಿಟಿ ನಂಬರ್ ಇನ್ನೂ ಬಂದಿಲ್ಲ ಅಂದರೆ? ಹೊಸದಾಗಿ ಬಂದ ನಮ್ಮವರಲ್ಲಿ ಇದು ಸಾಮಾನ್ಯ. ಅದಿಲ್ಲ ಅಂತ ಹೆಸರು ಸೇರಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಡೀರ್ಸ್‌ನಲ್ಲಿ ಅದರ ಬದಲು ಬೇರೊಂದು ಸಂಖ್ಯೆ ಕೊಡುತ್ತಾರೆ. ನಂಬರ್ ಬಂದ ಮೇಲೆ ಮತ್ತೆ ಹೋಗಿ ಹಾಕಿಸಬೇಕು. ಆ ಎರಡನೇ ಸಲ ಹೋಗುವುದನ್ನು ಬಹಳ ಜನ ಮರೆತುಬಿಡುತ್ತಾರೆ.

ಅವರು ಊರಲ್ಲಿಲ್ಲ, ಅಥವಾ ನೀವೇ ಊರಲ್ಲಿದ್ದೀರಿ

ಸೇನೆಯವರನ್ನು ಮದುವೆಯಾದ ಮೇಲೆ ಇಬ್ಬರೂ ಒಂದೇ ಕಡೆ ಇರುತ್ತೀರಿ ಎಂಬ ಖಾತರಿ ಇಲ್ಲ. ಗಂಡ ತರಬೇತಿಗೋ ಬೇರೆ ದೇಶಕ್ಕೋ ಹೋಗಿದ್ದರೆ 1172-2 ಫಾರ್ಮಿಗೆ ನೋಟರಿ ಮುಂದೆ ಸಹಿ ಮಾಡಿ ಕಳಿಸಬಹುದು. ಇಲ್ಲದಿದ್ದರೆ ಹೋಗುವ ಮುಂಚೆಯೇ ಪವರ್ ಆಫ್ ಅಟಾರ್ನಿ ಬರೆದುಕೊಟ್ಟು ಹೋಗಬಹುದು. ಬೇಸ್‌ನ ಲೀಗಲ್ ಆಫೀಸಿನಲ್ಲಿ ಸೈನಿಕರಿಗೆ ಇದನ್ನು ದುಡ್ಡಿಲ್ಲದೆ ಮಾಡಿಕೊಡುತ್ತಾರೆ. ಅದರಲ್ಲಿ ಡೀರ್ಸ್ ಮತ್ತು ಐಡಿ ಕಾರ್ಡ್ ವಿಷಯ ಬಿಡಿಸಿ ಬರೆದಿದ್ದರೆ ಕೌಂಟರ್‌ನಲ್ಲಿ ವಾದವೇ ಬರುವುದಿಲ್ಲ.

ಆನ್‌ಲೈನ್‌ನಲ್ಲಿ ಸಹಿ ಮಾಡಿ ಮುಗಿಸೋಣ ಅಂತ ಕೆಲವರು ಹೊರಡುತ್ತಾರೆ. ಸ್ಪಾನ್ಸರ್ ತನ್ನ ಚಿಪ್ ಇರುವ ಕಾರ್ಡ್ ಹಾಕಿ ಫಾರ್ಮಿಗೆ ಡಿಜಿಟಲ್ ಸಹಿ ಮಾಡುವ ವ್ಯವಸ್ಥೆ ಇದೆ, ನಿಜ. ಆದರೆ ಅದರಲ್ಲಿ ಕಾಣಿಸುವುದು ಈಗಾಗಲೇ ಡೀರ್ಸ್‌ನಲ್ಲಿರುವ ಮನೆಯವರ ಹೆಸರು ಮಾತ್ರ. ಹೊಸ ಹೆಂಡತಿಯ ಹೆಸರು ಅಲ್ಲಿ ಹುಡುಕಿದರೂ ಸಿಗದು. ಮೊದಲ ಸಲಕ್ಕೆ ಕಾಗದ ಹಿಡಿದು ಕಚೇರಿಗೆ ಹೋಗಲೇಬೇಕು.

ಇದರ ಇನ್ನೊಂದು ಮುಖ, ಗಂಡ ಅಲ್ಲಿ, ಹೆಂಡತಿ ಇನ್ನೂ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ವೀಸಾ ಕಾಯುತ್ತಿರುವುದು. ಹೆಂಡತಿ ಬರುವವರೆಗೆ ಕಾಯೋಣ ಅಂತ ಬಹಳ ಜನ ಸುಮ್ಮನಿರುತ್ತಾರೆ. ಕಾಯಬೇಕಾಗಿಲ್ಲ. ಕಾಗದಗಳು ಕೈಗೆ ಬಂದರೆ ಗಂಡ ಒಬ್ಬನೇ ಹೋಗಿ ಹೆಂಡತಿಯ ಹೆಸರನ್ನು ಡೀರ್ಸ್‌ಗೆ ಸೇರಿಸಬಹುದು. ಕಾರ್ಡಿಗೆ ಮಾತ್ರ ಹೆಂಡತಿಯೇ ಬರಬೇಕು, ಫೋಟೋ ತೆಗೆಯಬೇಕಲ್ಲ. ರೇಷನ್ ಕಾರ್ಡಿನ ಹೋಲಿಕೆ ನನಗೆ ಇಷ್ಟವಾಗುವುದು ಇದಕ್ಕೇ. ಹೆಸರು ಸೇರುವುದು ಬೇರೆ, ಅಂಗಡಿಗೆ ಹೋಗಿ ಹೆಬ್ಬೆಟ್ಟು ಒತ್ತುವುದು ಬೇರೆ.

ಬೇಗ ಸೇರಿಸಬೇಕು ಅನ್ನುವುದಕ್ಕೆ ಕಾರಣ ಟ್ರೈಕೇರ್. ಅದು ಸೇನೆಯವರ ಆರೋಗ್ಯ ವ್ಯವಸ್ಥೆ. ಮದುವೆಯಾದ ದಿನದಿಂದ 90 ದಿನದ ಒಳಗೆ ಯಾವ ಯೋಜನೆ ಬೇಕು ಎಂದು ಆರಿಸಿಕೊಳ್ಳಬೇಕು. ಪ್ರೈಮ್ ಅಂತ ಒಂದಿದೆ. ಅದರಲ್ಲಿ ನಿಮಗೊಬ್ಬರು ಗೊತ್ತಾದ ಡಾಕ್ಟರು, ಅವರು ಚೀಟಿ ಕೊಟ್ಟರೆ ತಜ್ಞರ ಹತ್ತಿರ ಹೋಗುವುದು. ಸೇವೆಯಲ್ಲಿರುವವರ ಮನೆಯವರಿಗೆ ಅದರಲ್ಲಿ ಸೇರುವುದಕ್ಕೆ ಶುಲ್ಕವಿಲ್ಲ. ಸೆಲೆಕ್ಟ್ ಅಂತ ಇನ್ನೊಂದು. ಅದರಲ್ಲಿ ಟ್ರೈಕೇರ್ ಒಪ್ಪಿದ ಯಾವ ಡಾಕ್ಟರ ಹತ್ತಿರವಾದರೂ ನೇರ ಹೋಗಬಹುದು, ಖರ್ಚಿನಲ್ಲಿ ಒಂದು ಪಾಲು ನಿಮ್ಮದು. 90 ದಿನ ದಾಟಿದರೆ ಮಿಲಿಟರಿ ಆಸ್ಪತ್ರೆಯಲ್ಲಿ ಜಾಗ ಇದ್ದರೆ ನೋಡುತ್ತಾರೆ, ಇಲ್ಲದಿದ್ದರೆ ಇಲ್ಲ. ಆಮೇಲೆ ನವೆಂಬರ್, ಡಿಸೆಂಬರ್ ನಡುವೆ ಬರುವ, ಯೋಜನೆ ಆರಿಸಿಕೊಳ್ಳಲು ಎಲ್ಲರಿಗೂ ಅವಕಾಶ ಇರುವ ಓಪನ್ ಸೀಸನ್‌ವರೆಗೆ ಕಾಯಬೇಕು. ಅಷ್ಟರೊಳಗೆ ಮಗು ಹುಟ್ಟಿದರೆ, ಬೇರೆ ಊರಿಗೆ ಮನೆ ಬದಲಾದರೆ ಮತ್ತೆ 90 ದಿನದ ಬಾಗಿಲು ತೆರೆಯುತ್ತದೆ.

ಗಂಡ ನ್ಯಾಷನಲ್ ಗಾರ್ಡ್ ಅಥವಾ ರಿಸರ್ವ್‌ನಲ್ಲಿದ್ದು, ತಿಂಗಳಿಗೊಂದು ವಾರಾಂತ್ಯ ಮಾತ್ರ ಡ್ರಿಲ್‌ಗೆ ಹೋಗುವವರಾದರೆ ಲೆಕ್ಕ ಬೇರೆ. ಹೆಂಡತಿಗೆ ಕಾರ್ಡ್ ಸಿಗುತ್ತದೆ, ಅಂಗಡಿಗೂ ಹೋಗಬಹುದು. ಆದರೆ ಆರೋಗ್ಯ ವಿಮೆಗೆ ಟ್ರೈಕೇರ್ ರಿಸರ್ವ್ ಸೆಲೆಕ್ಟ್ ಅಂತ ಬೇರೆಯದೇ ಇದೆ, ಅದಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು.

ಕಾರ್ಡ್ ಕೈಗೆ ಬಂತು

ಎರಡನೇ ಸಲ ಎಲ್ಲವೂ ಸಲೀಸಾಗಿ ಆಯಿತು. ಕಾಗದ ನೋಡಿದರು, ಸ್ಕ್ಯಾನ್ ಮಾಡಿದರು, ಹೆಸರಿನ ಒಂದೊಂದು ಅಕ್ಷರವನ್ನೂ ನನ್ನಿಂದ ಓದಿಸಿದರು. ಫೋಟೋ ತೆಗೆದರು. ಯಂತ್ರ ಸ್ವಲ್ಪ ಹೊತ್ತು ಗುಂಯ್ ಅಂದಿತು. ಕಾರ್ಡ್ ಬಂತು. ಮೊದಲು ಇದು ಕಾಗದದಂಥ ಹಾಳೆಗೆ ಪ್ಲಾಸ್ಟಿಕ್ ಹೊದಿಸಿದ ಕಾರ್ಡಾಗಿತ್ತು. 2020ರ ಜುಲೈ ಕೊನೆಯಿಂದ ಗಟ್ಟಿ ಪ್ಲಾಸ್ಟಿಕ್ಕಿನ ಹೊಸ ಕಾರ್ಡ್ ಕೊಡಲು ಶುರುಮಾಡಿದರು. ಸೈನಿಕರ ಕಾರ್ಡಿನಲ್ಲಿ ಇರುವ ಚಿಪ್ ಇದರಲ್ಲಿ ಇಲ್ಲ.

ಕಾರ್ಡಿನ ಮೇಲೆ ಎರಡು ಸಂಖ್ಯೆ ಇರುತ್ತವೆ. ಹತ್ತು ಅಂಕಿಯದು ನಿಮ್ಮ ಗುರುತಿನ ಸಂಖ್ಯೆ. ಹನ್ನೊಂದು ಅಂಕಿಯದು ಸೌಲಭ್ಯಗಳ ಸಂಖ್ಯೆ. ಎರಡನೆಯದರಲ್ಲಿ ಮೊದಲ ಒಂಬತ್ತು ಅಂಕಿ ಇಡೀ ಕುಟುಂಬಕ್ಕೆ ಒಂದೇ, ಕೊನೆಯ ಎರಡು ಅಂಕಿ ಮನೆಯ ಒಬ್ಬೊಬ್ಬರಿಗೆ ಬೇರೆ ಬೇರೆ. ಡಾಕ್ಟರ ಕೌಂಟರ್‌ನಲ್ಲಿ ಕೇಳುವುದು ಸಾಮಾನ್ಯವಾಗಿ ಇದನ್ನೇ. ಮನೆಗೆ ಹೋಗುವ ಮುಂಚೆ ಅಲ್ಲೇ ನಿಂತು ಹೆಸರು, ಹುಟ್ಟಿದ ದಿನ, ಅವಧಿ ಮುಗಿಯುವ ದಿನ ಓದಿಕೊಳ್ಳಿ. ಆಗ ತಪ್ಪು ಕಂಡರೆ ಇನ್ನೊಂದು ಪ್ರಿಂಟ್. ನಾಳೆ ಕಂಡರೆ ಇನ್ನೊಂದು ಅಪಾಯಿಂಟ್‌ಮೆಂಟ್.

ಅಂಗಡಿಯ ವಿಷಯ ಕೊಡಗಿನವರಿಗೆ, ಬೆಳಗಾವಿಯವರಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ಮಿಲಿಟರಿ ಕ್ಯಾಂಟೀನಿನ ಹಾಗೆಯೇ ಅಲ್ಲೂ ಇದೆ. ದಿನಸಿ ಸಿಗುವುದು ಕಮಿಸರಿಯಲ್ಲಿ. ಬಟ್ಟೆ, ಟಿವಿ, ಪಾತ್ರೆ ಸಿಗುವುದು ಎಕ್ಸ್‌ಚೇಂಜ್‌ನಲ್ಲಿ. ಎರಡರಲ್ಲೂ ಮಾರಾಟ ತೆರಿಗೆ ಇಲ್ಲ. ಕಮಿಸರಿಯಲ್ಲಿ ಬಿಲ್ಲಿನ ಮೇಲೆ ಶೇಕಡ 5 ಸರ್‌ಚಾರ್ಜ್ ಹಾಕುತ್ತಾರೆ, ಆ ದುಡ್ಡು ಅಂಗಡಿ ಕಟ್ಟುವುದಕ್ಕೂ ದುರಸ್ತಿಗೂ ಹೋಗುತ್ತದೆ. ಹಾಲು, ಮೊಟ್ಟೆ, ಹಣ್ಣಿಗೆ ಒಳ್ಳೆಯದು. ಸೋನಾ ಮಸೂರಿಗೂ ತೊಗರಿಬೇಳೆಗೂ ನಾನು ಈಗಲೂ ಇಂಡಿಯನ್ ಸ್ಟೋರಿಗೇ ಹೋಗುತ್ತೇನೆ.

ಕಾರ್ಡ್ ಬಂದರೆ ಎಲ್ಲವೂ ತಾನಾಗಿ ಆಗುತ್ತದೆ ಅಂತ ಅಂದುಕೊಳ್ಳಬೇಡಿ. ಮನೆ ಬಾಡಿಗೆ ಭತ್ಯೆ ಇದೆಯಲ್ಲ, ಅದು ಮದುವೆಯಾದವರಿಗೆ ಜಾಸ್ತಿ. ಆದರೆ ಡೀರ್ಸ್‌ನಲ್ಲಿ ಹೆಸರು ಸೇರಿದ ಮಾತ್ರಕ್ಕೆ ಅದು ಸಂಬಳಕ್ಕೆ ಬರುವುದಿಲ್ಲ. ಅದಕ್ಕೆ ಗಂಡ ಸಂಬಳದ ವಿಭಾಗಕ್ಕೆ ಮದುವೆ ಪ್ರಮಾಣಪತ್ರ ಕೊಟ್ಟು ಬೇರೆ ಅರ್ಜಿ ಹಾಕಬೇಕು. ಒಂದು ವಿಷಯ ಮಾತ್ರ ತಾನಾಗಿ ಆಗುತ್ತದೆ, ಅದು ಜೀವವಿಮೆ. ಸೈನಿಕನಿಗೆ ಸೇನೆಯ ಜೀವವಿಮೆ ಇದ್ದರೆ ಹೆಂಡತಿಗೂ 1,00,000 ಡಾಲರ್‌ವರೆಗೆ ವಿಮೆ ಕೇಳದೆಯೇ ಶುರುವಾಗುತ್ತದೆ. ಬೇಡ ಅಂದರೆ ಬರೆದುಕೊಡಬೇಕು. ಹೆಂಡತಿಯ ಹೆಸರು ಡೀರ್ಸ್‌ಗೆ ತಡವಾಗಿ ಸೇರಿದರೆ ಅಲ್ಲಿಯವರೆಗಿನ ಕಂತೆಲ್ಲ ಸೇರಿ ಒಟ್ಟಿಗೆ ಸಂಬಳದಲ್ಲಿ ಮುರಿಯುತ್ತದೆ. ನಮ್ಮ ಮನೆಯವರ ಜೊತೆ ಕೆಲಸ ಮಾಡುವ ಒಬ್ಬರು ಆ ತಿಂಗಳ ಸಂಬಳದ ಚೀಟಿ ನೋಡಿ ಯಾರೋ ಕದ್ದರು ಅಂತಲೇ ತಿಳಿದಿದ್ದರು.

ಊರಿಂದ ಬರುವ ಪ್ರಶ್ನೆಗಳು ಬೇರೆಯೇ. "ಆ ಕಾರ್ಡ್ ಇದ್ದರೆ ವೀಸಾ ಬೇಡವಂತೆ, ಹೌದಾ?" ಅಲ್ಲ. ಇದು ಗ್ರೀನ್ ಕಾರ್ಡೂ ಅಲ್ಲ, ವೀಸಾನೂ ಅಲ್ಲ. ಐಡಿ ಆಫೀಸಿನವರು ನೋಡುವುದು ಮದುವೆ ಕಾನೂನಿನ ಪ್ರಕಾರ ಆಗಿದೆಯೇ ಎಂದು. ದೇಶದಲ್ಲಿ ಇರುವ ಹಕ್ಕು ನೋಡುವ ಇಲಾಖೆ ಬೇರೆ, ಅದರ ಅರ್ಜಿಗಳು ಬೇರೆ. ಅಮೆರಿಕದ ಒಳಗೆ ವಿಮಾನ ಹತ್ತುವಾಗ ಗುರುತಿಗೆ ಈ ಕಾರ್ಡ್ ನಡೆಯುತ್ತದೆ. ಬೆಂಗಳೂರಿಗೆ ಹೋಗಿ ವಾಪಸ್ ಬರುವುದಕ್ಕೆ ನಡೆಯುವುದಿಲ್ಲ.

ಅತ್ತೆ ಕೇಳಿದ್ದು ಇನ್ನೊಂದು. "ನಾವು ಬಂದರೆ ನಮಗೂ ಕೊಡ್ತಾರೇನಮ್ಮಾ?" ಆರು ತಿಂಗಳು ನೋಡಿಕೊಂಡು ಹೋಗಲು ಬಂದ ತಂದೆ ತಾಯಿಗೆ ಸಿಗುವುದಿಲ್ಲ. ಅವರ ಜೀವನದ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸೈನಿಕನೇ ಕೊಡುತ್ತಿದ್ದಾನೆ ಎಂದು ಲೆಕ್ಕಪತ್ರ ಇಟ್ಟು ತೋರಿಸಿದರೆ ಅವರನ್ನೂ ಡಿಪೆಂಡೆಂಟ್ ಎಂದು ಒಪ್ಪುವ ದಾರಿ ಇದೆ. ಹೆಂಡತಿಯ ತಂದೆ ತಾಯಿಗೂ ಇದೆ. ಆದರೆ ಅದು ಬೇರೆಯದೇ ತನಿಖೆ, ಬೇರೆಯದೇ ಕಾಗದ. ಪಿಂಚಣಿ ಬರುವ, ಊರಲ್ಲಿ ಅಡಿಕೆ ತೋಟ ಇರುವ ಮಾವನವರನ್ನು ಆ ಲೆಕ್ಕಕ್ಕೆ ಸೇರಿಸಲು ಹೋಗದಿರುವುದೇ ಒಳ್ಳೆಯದು. ಇದನ್ನು ಅತ್ತೆಗೆ ಹೇಳಿದಾಗ ಅವರಿಗೆ ಖುಷಿಯೇ ಆಯಿತು. "ನಾವು ಯಾರ ಮೇಲೂ ಬಿದ್ದಿಲ್ಲ ಬಿಡು" ಅಂದರು.

ಕಾರ್ಡಿನ ಅವಧಿ ಸಾಮಾನ್ಯವಾಗಿ ನಾಲ್ಕು ವರ್ಷ. ಗಂಡನ ಸೇವೆಯ ಒಪ್ಪಂದ ಅದಕ್ಕಿಂತ ಮುಂಚೆ ಮುಗಿಯುವುದಾದರೆ ಆ ದಿನದವರೆಗೆ. ಅವರು ಒಪ್ಪಂದ ಮುಂದುವರಿಸಿದರೆ ನೀವೂ ಕಾರ್ಡ್ ಹೊಸದು ಮಾಡಿಸಬೇಕು. ವಿಚ್ಛೇದನವಾದರೆ ಕಾರ್ಡ್ ವಾಪಸ್ ಕೊಡಬೇಕು. ಇದಕ್ಕೊಂದು ವಿನಾಯಿತಿ ಇದೆ, ಅಲ್ಲಿ ಅದನ್ನು ಇಪ್ಪತ್ತು-ಇಪ್ಪತ್ತು-ಇಪ್ಪತ್ತು ಅನ್ನುತ್ತಾರೆ. ಮದುವೆ 20 ವರ್ಷ, ಸೇವೆ 20 ವರ್ಷ, ಎರಡೂ ಒಟ್ಟಿಗೆ ನಡೆದದ್ದು 20 ವರ್ಷ ಆಗಿದ್ದರೆ, ಮತ್ತೆ ಮದುವೆಯಾಗದೆ ಇದ್ದರೆ, ಸೌಲಭ್ಯಗಳು ಉಳಿಯುತ್ತವೆ. ಹೊಸದಾಗಿ ಮದುವೆಯಾದವರಿಗೆ ಇದನ್ನು ಹೇಳುವುದು ಅಪಶಕುನ ಅನ್ನಿಸಬಹುದು. ಆದರೆ ನಿಯಮ ನಿಯಮವೇ.

ಕಾರ್ಡ್ ಬಂದ ಸಂಜೆ ನಾನು ಅದನ್ನು ಊಟದ ಮೇಜಿನ ಮೇಲಿಟ್ಟು ಫೋಟೋ ತೆಗೆಯಲು ಹೊರಟೆ. ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕೋಣ ಅಂತ. ಅವರು ಓಡಿಬಂದು ಫೋನ್ ಕಿತ್ತುಕೊಂಡರು. ಅಮೆರಿಕದ ಕಾನೂನಿನಲ್ಲಿ ಮಿಲಿಟರಿ ಐಡಿಯನ್ನು ಫೋಟೋ ತೆಗೆಯುವುದು, ಜೆರಾಕ್ಸ್ ಮಾಡುವುದು ಅಪರಾಧ. ಆಸ್ಪತ್ರೆಯವರು ಚಿಕಿತ್ಸೆಗಾಗಿ, ಸರ್ಕಾರಿ ಕಚೇರಿಯವರು ತಮ್ಮ ಕೆಲಸಕ್ಕಾಗಿ ಪ್ರತಿ ಮಾಡಿಕೊಳ್ಳಬಹುದು. ಅಂಗಡಿಯವರು ರಿಯಾಯಿತಿ ಕೊಡುತ್ತೇವೆ, ಜೆರಾಕ್ಸ್ ಕೊಡಿ ಅಂದರೂ ಕೊಡಬಾರದು. ತೋರಿಸಿ ವಾಪಸ್ ಇಟ್ಟುಕೊಳ್ಳಬೇಕು ಅಷ್ಟೇ.

ಅಮ್ಮನಿಗೆ ಫೋನ್ ಮಾಡಿ ಕಾರ್ಡ್ ಬಂತು ಅಂದೆ. ಫೋಟೋ ಕಳಿಸು ಅಂದಳು. ಕಳಿಸಬಾರದಂತೆ ಅಂದೆ. "ಹೆಸರು ಸರಿಯಾಗಿ ಬರೆದಿದ್ದಾರಾ?" ಅಂತ ಕೇಳಿದಳು. ಒಂದೊಂದೇ ಅಕ್ಷರ ಓದಿ ಹೇಳಿದೆ.